ಕುಡಿತ ಬಿಡಿಸುವ ಚಿಕಿತ್ಸೆಗೆ ಆರೋಗ್ಯ ವಿಮೆ: ದೇವಸುಗೂರಿನ ಕುಟುಂಬಗಳಿಗೊಂದು ಮಾಹಿತಿ

ಕೃಷ್ಣಾ ತೀರದ ದೇವಸುಗೂರು ಪಕ್ಕದ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಿಂದಾಗಿ ನಾಡಿಗೆಲ್ಲ ಪರಿಚಿತ. ಈ ಭಾಗದಲ್ಲಿ ಮದ್ಯದ ಜೊತೆಗೆ ಸಿ.ಎಚ್. ಪುಡಿ, ಅಂದರೆ ಕ್ಲೋರಲ್ ಹೈಡ್ರೇಟ್ ಬೆರೆಸಿದ ಕಲಬೆರಕೆ ಸೇಂದಿಯ ಹಾವಳಿಯೂ ಇದೆ. ಇಂಥ ಚಟ ಬಿಡಿಸಲು ಆಸ್ಪತ್ರೆಗೆ ಸೇರಿಸಿದರೆ ವಿಮೆಯ ಹಣ ಸಿಗುತ್ತದೆಯೇ ಎಂದು ಕೇಳುವ ಕುಟುಂಬಗಳಿಗಾಗಿ ಈ ಮಾಹಿತಿಯನ್ನು ನೀಡುತ್ತಿದ್ದೇವೆ. ಕರಾವಳಿಯ ಓದುಗರಿಗೂ ಕಾನೂನು ಇದೇ.

ಮೊದಲೊಂದು ಎಚ್ಚರಿಕೆ. ದಿನವೂ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ನಿಲ್ಲಿಸಿದ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನಗಳ ನಂತರ ಬುದ್ಧಿಭ್ರಮೆ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಸಿ.ಎಚ್. ಪುಡಿಯ ಸೇಂದಿಗೂ ಇದೇ ಮಾತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂದಿತು. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಈ ಕಾಯ್ದೆ ಮಾನಸಿಕ ಕಾಯಿಲೆ ಎಂದೇ ಪರಿಗಣಿಸುತ್ತದೆ. ದೇಹದ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎನ್ನುತ್ತದೆ ಅದರ 21(4)ನೇ ಕಲಮು. ಇಷ್ಟು ಓದಿದರೆ ಹಣ ಸಿಕ್ಕೇ ಸಿಗುತ್ತದೆ ಅನ್ನಿಸಬೇಕು. ಆದರೆ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಒಂದು ಕಡೆ ಮಾನಸಿಕ ಕಾಯಿಲೆಯನ್ನು ಹೊರಗಿಡಬಾರದು ಎಂದಿತು. ಇನ್ನೊಂದು ಕಡೆ ಕುಡಿತ, ಮಾದಕ ವ್ಯಸನ ಮತ್ತು ಅದರ ಪರಿಣಾಮಗಳ ಚಿಕಿತ್ಸೆಯನ್ನು ಹೊರಗಿಡಲು 12ನೇ ಸಂಖ್ಯೆಯ ಸಿದ್ಧ ವಾಕ್ಯವನ್ನೂ ಕೊಟ್ಟಿತು. ಕಾಯ್ದೆ ಕೊಟ್ಟದ್ದನ್ನು ಪಾಲಿಸಿಯ ಸಣ್ಣ ಅಕ್ಷರ ಕಿತ್ತುಕೊಂಡಿತು ಎಂದೇ ನಮ್ಮ ಅಭಿಪ್ರಾಯ. 2020ರಲ್ಲಿ ಬಂದ 'ಆರೋಗ್ಯ ಸಂಜೀವನಿ' ಪಾಲಿಸಿಯಲ್ಲೂ ಈ ವಾಕ್ಯ ಸೇರಿದೆ. 'ಪರಿಣಾಮಗಳು' ಎಂಬ ಪದದ ಆಧಾರದಲ್ಲಿ ಲಿವರ್ ಕಾಯಿಲೆಯ ಬಿಲ್ಲನ್ನೂ ತಿರಸ್ಕರಿಸಲು ಅವಕಾಶವಿದೆ.

ಆದುದರಿಂದ ನಿಮ್ಮ ಪಾಲಿಸಿಯಲ್ಲಿ 'ಹೊರಗಿಟ್ಟ ಚಿಕಿತ್ಸೆಗಳು' ಎಂಬ ಪುಟವನ್ನು ಮೊದಲು ಓದಿ. ಕಂಪನಿಯ ಗುಂಪು ವಿಮೆಯಾದರೆ ಷರತ್ತು ಬೇರೆ ಇರಬಹುದು, ಕಚೇರಿಯಲ್ಲಿ ವಿಚಾರಿಸಿ. ಸೇರಿಸುವ ಕೇಂದ್ರ ಪಾಲಿಸಿಯ ಅರ್ಥದಲ್ಲಿ 'ಆಸ್ಪತ್ರೆ' ಆಗಿರಬೇಕು. ಮದ್ಯವರ್ಜನ ಶಿಬಿರಗಳು ಎಷ್ಟೇ ಉಪಯುಕ್ತವಾದರೂ ಆ ಲೆಕ್ಕಕ್ಕೆ ಬರುವುದಿಲ್ಲ. ಕುಡಿತ ಮುಚ್ಚಿಟ್ಟು ಬೇರೆ ಕಾಯಿಲೆ ಬರೆಸಿಕೊಳ್ಳುವ ಸಲಹೆ ಕೊಡುವವರೂ ಇದ್ದಾರೆ. ಅದು ಸುಳ್ಳು ಎಂಬುದು ಒಂದು, ಪಾಲಿಸಿಯೇ ರದ್ದಾಗಬಹುದು ಎಂಬುದು ಇನ್ನೊಂದು.

ಕ್ಲೇಮು ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಪಡೆದು, 21(4)ನ್ನು ಉಲ್ಲೇಖಿಸಿ ಕಂಪನಿಗೆ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ತೃಪ್ತಿಯಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಮಾನಸಿಕ ಕಾಯಿಲೆಯ ಕ್ಲೇಮನ್ನು ನಿರಾಕರಿಸಿದ ಪ್ರಕರಣವೊಂದರಲ್ಲಿ 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಪಾಲಿಸಿದಾರರ ಪರವಾಗಿ ತೀರ್ಪಿತ್ತಿದೆ. ಅದು ವ್ಯಸನದ ಪ್ರಕರಣವಲ್ಲವಾದರೂ ಅರ್ಜಿಯಲ್ಲಿ ಹೆಸರಿಸಲು ಯೋಗ್ಯ.

ವಿದ್ಯುತ್ ಕೇಂದ್ರದ ಗುತ್ತಿಗೆ ಕಾರ್ಮಿಕರಲ್ಲಿ ಇ.ಎಸ್.ಐ. ಕಾರ್ಡು ಇದ್ದವರು ಮೊದಲು ಇ.ಎಸ್.ಐ. ಚಿಕಿತ್ಸಾಲಯಕ್ಕೇ ಹೋಗಬೇಕು, ಅಲ್ಲಿಂದ ರೆಫರಲ್ ಇಲ್ಲದೆ ಖಾಸಗಿ ಆಸ್ಪತ್ರೆ ಸೇರಿದರೆ ಹಣ ವಾಪಸು ಸಿಗುವುದು ಕಷ್ಟ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಾಗುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಬಗ್ಗೆಯೂ ಆಸ್ಪತ್ರೆಯಲ್ಲಿ ವಿಚಾರಿಸಿ. ಕೇಂದ್ರದ ಯೋಜನೆಯಲ್ಲಿ ವ್ಯಸನಮುಕ್ತಿ ಪುನರ್ವಸತಿಯನ್ನು ಹೊರಗಿಡಲಾಗಿದೆ. ಆದರೆ ಮಾದಕ ವಸ್ತುಗಳಿಂದಾದ ಮಾನಸಿಕ ತೊಂದರೆಗೆ ಆಸ್ಪತ್ರೆಯಲ್ಲಿ ಮಲಗಿಸಿ ಕೊಡುವ ಚಿಕಿತ್ಸೆ ಅದರ ಪಟ್ಟಿಯಲ್ಲಿದೆ.

ಯಾವ ಕಾರ್ಡೂ ಇಲ್ಲದವರು ಕೈಚೆಲ್ಲಬೇಕಾಗಿಲ್ಲ. ರಾಯಚೂರಿನ ರಿಮ್ಸ್ ಸರ್ಕಾರಿ ಬೋಧಕ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ತೋರಿಸಬಹುದು. ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446. ಎರಡಕ್ಕೂ ಕರೆ ಉಚಿತ, ಮನೆಯವರೂ ಮಾತನಾಡಬಹುದು.