ಅಲೆಖಿನನ ಬಾಲ್ಯವೂ ಮನೋಧರ್ಮವೂ

ಚದುರಂಗದ ಚರಿತ್ರೆಯನ್ನು ಬಲ್ಲವರು ರಷ್ಯಾ ದೇಶದ ಅಲೆಕ್ಸಾಂಡರ್ ಅಲೆಖಿನನ ಹೆಸರನ್ನು ಎರಡು ವಿಧವಾಗಿ ಎತ್ತುವುದುಂಟು. 1927ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ, ಅಜೇಯನೆನಿಸಿದ್ದ ಕಪಾಬ್ಲಾಂಕನನ್ನು 34 ಆಟಗಳ ದೀರ್ಘಸಮರದಲ್ಲಿ ಸೋಲಿಸಿ ಜಗಜ್ಜೇತನಾದ ಮಹಾಪ್ರತಿಭನೆಂದು ಕೆಲವರು. ಮದ್ಯಕ್ಕೆ ವಶನಾದ, ಯಾರಿಗೂ ಆಗದ ಮನುಷ್ಯನೆಂದು ಮತ್ತೆ ಕೆಲವರು. ಎರಡು ಮಾತೂ ಸುಳ್ಳಲ್ಲ. ಆದರೆ ಇವೆರಡಕ್ಕೂ ಬೇರು ಒಂದೇ ಎಂದೂ, ಅದು ಅವನ ಬಾಲ್ಯದಲ್ಲಿಯೇ ಇಳಿದಿತ್ತೆಂದೂ ನನ್ನ ಎಣಿಕೆ.

ಅವನು ಹುಟ್ಟಿದುದು 1892ನೆಯ ಅಕ್ಟೋಬರ್ 31ರಂದು, ಮಾಸ್ಕೋ ನಗರದಲ್ಲಿ. ಆಗ ರಷ್ಯಾದಲ್ಲಿ ನಡೆಯುತ್ತಿದ್ದ ಹಳೆಯ ಪಂಚಾಂಗದ ಪ್ರಕಾರ ಅದು 19ನೆಯ ತಾರೀಖು. ತಂದೆಯು ವೊರೊನೆಜ್ ಪ್ರಾಂತದ ಜಹಗೀರುದಾರ. ಅಲ್ಲಿಯ ಕುಲೀನರಿಗೆ ಮುಖಂಡ. ಮುಂದೆ ದೂಮಾ ಸಭೆಯ ಸದಸ್ಯನೂ ಆದನು. ತಾಯಿಯು ಮಾಸ್ಕೋವಿನ ಪ್ರಖ್ಯಾತ ಬಟ್ಟೆಗಿರಣಿಯ ಒಡೆಯರಾದ ಪ್ರೊಖೊರೊವ್ ಮನೆತನದವಳು. ಭೂಮಿಯ ಐಶ್ವರ್ಯವೂ ವ್ಯಾಪಾರದ ಐಶ್ವರ್ಯವೂ ಒಂದೇ ಮನೆಯಲ್ಲಿ ಕೂಡಿದ್ದುವೆಂದ ಮೇಲೆ ಹೆಚ್ಚೇನು ಹೇಳಬೇಕು? ಮಕ್ಕಳು ಮೂವರು: ಹಿರಿಯನಾದ ಅಲೆಕ್ಸೇಯ್, ಸೋದರಿ ವಾರ್ವಾರ, ಅಲೆಕ್ಸಾಂಡರ್. ಏಳು ವರ್ಷದ ಸುಮಾರಿಗೆ ಬಾಲಕನು ಮನೆಯಲ್ಲಿಯೇ ಆಟವನ್ನು ಕಲಿತನು. ಅಣ್ಣನೇ ಅವನಿಗೆ ಒಡನಾಡಿ, ಅಣ್ಣನೇ ಎದುರಾಳಿ.

1902ರಲ್ಲಿ ಅಮೆರಿಕದ ಪಿಲ್ಸ್‌ಬರಿ ಎಂಬ ಆಟಗಾರನು ಮಾಸ್ಕೋವಿಗೆ ಬಂದು, ಹಲಗೆಗಳನ್ನು ನೋಡದೆಯೇ 22 ಮಂದಿಯೊಡನೆ ಏಕಕಾಲದಲ್ಲಿ ಆಡಿದನು. ಆ ಇಪ್ಪತ್ತೆರಡು ಮಂದಿಯಲ್ಲಿ ಅಲೆಕ್ಸೇಯನೂ ಒಬ್ಬನು; ಅವನು ಆಟವನ್ನು ಸಮ ಮಾಡಿಕೊಂಡನು. ಹತ್ತು ವರ್ಷದ ತಮ್ಮನಿಗೆ ಇದು ಪವಾಡದಂತೆ ತೋರಿತು. ನಮ್ಮ ವಾಚಕರಿಗೆ ಇದು ಅಷ್ಟು ಅಪೂರ್ವವೆನಿಸಲಾರದು. ಪದ್ಯಪೂರಣವನ್ನೂ ಘಂಟಾಗಣನೆಯನ್ನೂ ನಡೆಸುತ್ತಲೇ ಬೆನ್ನ ಹಿಂದಿನ ಚದುರಂಗಕ್ಕೆ ನಡೆ ಹೇಳುತ್ತಿದ್ದ ಅವಧಾನಿಗಳ ಸಂಗತಿಯನ್ನು ನಮ್ಮವರು ಕೇಳಿ ಬಲ್ಲರು. ಆದರೆ ಅವಧಾನಿಗೆ ಸಭೆಯುಂಟು, ಪೃಚ್ಛಕರುಂಟು, ಕಡೆಗೆ ಸನ್ಮಾನವುಂಟು. ಈ ಹುಡುಗನು ಅದೇ ವಿದ್ಯೆಯನ್ನು ಸಾಧಿಸಿದುದು ಒಂಟಿಯಾಗಿ.

ಅದು ಹೇಗೆಂದರೆ, ಬಹಿರಂಗ ಪಂದ್ಯಗಳಿಗೆ ಹೋಗುವ ವಯಸ್ಸು ಅವನಿಗೆ ಇನ್ನೂ ಆಗಿರಲಿಲ್ಲ. ಆದುದರಿಂದ ಟಪಾಲಿನ ಮೂಲಕ ಆಡುವ ಪಂದ್ಯಗಳಿಗೆ ಹೆಸರು ಕೊಟ್ಟನು. ಒಂದೊಂದು ಕಾಗದಕ್ಕೂ ದಿನಗಟ್ಟಲೆ ಯೋಚನೆ ಬೇಕು. ಶಾಲೆಯಲ್ಲಿ ಹಲಗೆಯನ್ನು ಹರಡುವಂತಿಲ್ಲ. ಪಾಠದ ನಡುವೆ ಕಾಗದದ ಚೂರಿನ ಮೇಲೆ ಮನೆಗಳನ್ನು ಗೀಚಿಕೊಂಡು, ಬಲಗಳನ್ನು ಮನಸ್ಸಿನಲ್ಲಿಯೇ ನಡೆಸುತ್ತಿದ್ದನು. ಹನ್ನೆರಡನೆಯ ವಯಸ್ಸಿನ ಹೊತ್ತಿಗೆ ಆ ಚೂರೂ ಬೇಡವಾಗತೊಡಗಿತು. ಪೊಲಿವಾನೊವ್ ಪಾಠಶಾಲೆಯಲ್ಲಿ ಅವನ ಸಹಪಾಠಿಯಾಗಿದ್ದವನೊಬ್ಬನು ಒಂದು ಪ್ರಸಂಗವನ್ನು ನೆನೆದಿದ್ದಾನೆ. ಬೀಜಗಣಿತದ ತರಗತಿಯಲ್ಲಿ ಅಲೆಖಿನನು ಥಟ್ಟನೆ ಎದ್ದು ನಿಂತು ಮುಖವರಳಿಸಿದನಂತೆ. ಲೆಕ್ಕ ಬಿಟ್ಟಿತೇ ಎಂದು ಉಪಾಧ್ಯಾಯರು ಕೇಳಿದರೆ, ಬಿಟ್ಟಿತು, ಕುದುರೆಯನ್ನು ಬಲಿಗೊಟ್ಟರೆ ಬಿಳಿಯ ಪಕ್ಷಕ್ಕೆ ಗೆಲುವು ಎಂದನಂತೆ! ತರಗತಿಯೆಲ್ಲ ನಕ್ಕಿತು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಇಲ್ಲಿ ನಗೆ ಬರುವುದಿಲ್ಲ. ಎದುರಿಗೆ ಕುಳಿತಿದ್ದೂ ಎದುರಿಗಿಲ್ಲದ ಮಕ್ಕಳನ್ನು ಉಪಾಧ್ಯಾಯನಾದವನು ಕಂಡೇ ಇರುತ್ತಾನೆ. ಅವರನ್ನು ಗದರಿಸಿ ಕರೆತರಬಹುದು, ಉಳಿಸಿಕೊಳ್ಳುವುದು ಕಷ್ಟ.

1909ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಚಿಗೋರಿನನ ಸ್ಮರಣಾರ್ಥವಾಗಿ ನಡೆದ ಹವ್ಯಾಸಿಗಳ ಪಂದ್ಯದಲ್ಲಿ ಅವನು ಮೊದಲಿಗನಾದನು. ಆಗ ವಯಸ್ಸು ಹದಿನಾರು. ಬಹುಮಾನವು ಚಕ್ರವರ್ತಿಯ ಹೆಸರಿನ ಪಿಂಗಾಣಿಯ ಕಲಶ. ಬಳಿಕ ಅದೇ ನಗರದಲ್ಲಿ ನ್ಯಾಯಶಾಸ್ತ್ರವನ್ನು ಓದಿದನು. 1914ರ ಮಹಾಪಂದ್ಯದಲ್ಲಿ ಲಾಸ್ಕರ್, ಕಪಾಬ್ಲಾಂಕರ ಹಿಂದೆ ಮೂರನೆಯವನಾಗಿ ನಿಂತನು.

ಇಲ್ಲಿಂದ ಮುಂದೆ ವಿಧಿಯು ಒಂದೊಂದಾಗಿ ಕಿತ್ತುಕೊಳ್ಳಲಾರಂಭಿಸಿತು. ಅದೇ ವರ್ಷದ ಬೇಸಗೆಯಲ್ಲಿ ಜರ್ಮನಿಯ ಮಾನ್‌ಹೈಮಿನಲ್ಲಿ ಅವನು ಅಗ್ರಸ್ಥಾನದಲ್ಲಿದ್ದಾಗ ಮಹಾಯುದ್ಧವು ಹೊತ್ತಿಕೊಂಡಿತು; ರಷ್ಯದ ಆಟಗಾರರೆಲ್ಲ ಸೆರೆಯಾದರು. ರಾಸ್ಟಾಟ್ ಎಂಬಲ್ಲಿ ಬೊಗೊಲ್ಯುಬೊವನೊಡನೆ ಹಲಗೆಯಿಲ್ಲದೆ ಬಾಯಿಮಾತಿನಲ್ಲಿಯೇ ಆಡುತ್ತ ಕಾಲ ಕಳೆದನು. ಬಿಡುಗಡೆಯಾಗಿ ಸ್ವದೇಶವನ್ನು ಸೇರಿದ ಮೇಲೆ ಪ್ರದರ್ಶನದ ಆಟಗಳನ್ನಾಡಿ, ಸೆರೆಯಲ್ಲಿ ಉಳಿದವರಿಗಾಗಿ ಹಣ ಕೂಡಿಸಿದನು. ಅವನನ್ನು ಹೃದಯಹೀನನೆನ್ನುವವರು ಇದನ್ನು ಮರೆಯಬಾರದು. 1915ರಲ್ಲಿ ತಾಯಿ ತೀರಿಕೊಂಡಳು. 1916ರಲ್ಲಿ ರೆಡ್ ಕ್ರಾಸ್ ಸೇವೆಯಲ್ಲಿ ಪೆಟ್ಟು ತಿಂದು ಟಾರ್ನೊಪೋಲಿನ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಹಲಗೆ ನೋಡದೆ ಆಡಿದನು. ಅವುಗಳಲ್ಲಿ ಒಂದು ಆಟವನ್ನು ಬಲ್ಲವರು ಇಂದಿಗೂ ಬಿಡಿಸಿ ನೋಡಿ ಆನಂದಿಸುತ್ತಾರೆ. 1917ರಲ್ಲಿ ತಂದೆಯೂ ಹೋದನು. ಅದೇ ವರ್ಷದ ಕ್ರಾಂತಿಯಿಂದ ಆಸ್ತಿಯೂ ಅಂತಸ್ತೂ ಹೋದುವು. 1919ರಲ್ಲಿ ಒಡೆಸ್ಸಾದಲ್ಲಿ ಗುಪ್ತಪೋಲೀಸರು ಅವನನ್ನು ಸೆರೆಹಿಡಿದರು. ಟ್ರಾಟ್ಸ್ಕಿಯೇ ಸೆರೆಮನೆಗೆ ಬಂದು ಅವನೊಡನೆ ಆಡಿ ಬಿಡಿಸಿದನೆಂಬ ಕಥೆಯುಂಟು. ಅದನ್ನು ಕಥೆ ಹೇಳುವವರಿಗೇ ಬಿಡೋಣ.

ಕಳೆದುಕೊಳ್ಳದೆ ಉಳಿದುದು ಬಾಲ್ಯದಲ್ಲಿ ಮನಸ್ಸಿನೊಳಗೆ ಕಟ್ಟಿಕೊಂಡ ಆ ಅರುವತ್ತನಾಲ್ಕು ಮನೆಗಳೊಂದೇ. ಅದರ ಹೊರಗೆ ಅವನು ಯಾವುದನ್ನೂ ಹೆಚ್ಚು ಕಾಲ ನಂಬಿದಂತೆ ಕಾಣುವುದಿಲ್ಲ. ಮಾಸ್ಕೋವಿನಲ್ಲಿ ಪತ್ತೇದಾರ ಇಲಾಖೆಯಲ್ಲಿಯೂ ಅಂತಾರಾಷ್ಟ್ರೀಯ ಕಮ್ಯೂನಿಸ್ಟ್ ಸಂಘದ ದುಭಾಷಿಯಾಗಿಯೂ ದುಡಿದನು. 1920ರಲ್ಲಿ ಅಖಿಲ ರಷ್ಯಾ ಪಂದ್ಯವನ್ನು ಗೆದ್ದನು. ಮರುವರ್ಷ ಸ್ವಿಟ್ಸರ್ಲೆಂಡಿನ ಹೆಂಗಸೊಬ್ಬಳನ್ನು ಮದುವೆಯಾಗಿ ದೇಶವನ್ನು ಬಿಟ್ಟವನು ಮತ್ತೆ ಕಾಲಿಡಲಿಲ್ಲ. ವಿವಾಹಗಳು ಮುರಿದುವು. ಜಗಜ್ಜೇತನಾದ ಮೇಲೆ ಕಪಾಬ್ಲಾಂಕನಿಗೆ ಮರುಪಂದ್ಯವನ್ನು ಕೊಡಲೇ ಇಲ್ಲ. 1935ರಲ್ಲಿ ಕುಡಿತದ ಕಾಲದಲ್ಲಿ ಯೂವನಿಗೆ ಪದವಿಯನ್ನು ಸೋತು, 1937ರಲ್ಲಿ ಮದ್ಯವನ್ನು ದೂರವಿಟ್ಟು ಅದನ್ನು ಮರಳಿ ಪಡೆದುದು ಮಾತ್ರ ಮೆಚ್ಚತಕ್ಕ ಸಂಗತಿ. ಆದರೆ 1941ರಲ್ಲಿ, ಜರ್ಮನರ ವಶವಾಗಿದ್ದ ಪ್ಯಾರಿಸ್ಸಿನ ಪತ್ರಿಕೆಯಲ್ಲಿ, ಯೆಹೂದ್ಯ ಆಟಗಾರರನ್ನು ಹೀನಾಯಗೊಳಿಸುವ ಲೇಖನಗಳು ಅವನ ಹೆಸರಿನಲ್ಲಿ ಬಂದುವು. ಅಚ್ಚಾದುದು ತನ್ನ ಮಾತಲ್ಲವೆಂದು ಯುದ್ಧಾನಂತರ ಹೇಳಿದನು, ಅನೇಕರು ನಂಬಲಿಲ್ಲ. ಲಂಡನ್ನಿನ ಪಂದ್ಯಕ್ಕೆ ಕಳುಹಿಸಿದ್ದ ಆಮಂತ್ರಣವನ್ನು ಹಿಂದೆಗೆದುಕೊಳ್ಳಲಾಯಿತು. ಈ ಕಲೆಯನ್ನು ತೊಳೆಯಲು ನಾನು ಯತ್ನಿಸುವುದಿಲ್ಲ.

ಅಣ್ಣನ ಸಂಗತಿಯೊಂದು ಉಳಿಯಿತು. ಅಲೆಕ್ಸೇಯನು ರಷ್ಯಾದಲ್ಲಿಯೇ ನಿಂತು ಅಲ್ಲಿಯ ಚದುರಂಗ ಸಂಘಟನೆಯಲ್ಲಿ ಕೆಲಸ ಮಾಡುತ್ತಿದ್ದನು. 1928ರಲ್ಲಿ ತಮ್ಮನು ಪ್ಯಾರಿಸ್ಸಿನ ವಲಸೆಗಾರರ ಔತಣದಲ್ಲಿ ಸೋವಿಯತ್ ಸರಕಾರಕ್ಕೆ ವಿರುದ್ಧವಾಗಿ ಮಾತನಾಡಿದನೆಂಬ ಸುದ್ದಿ ಹಬ್ಬಿತು. ಕ್ರಿಲೆಂಕೋ ಅವನನ್ನು ವೈರಿಯೆಂದು ಸಾರಿದನು. ಆಗ ಅಲೆಕ್ಸೇಯನೂ, ತನಗೂ ಅಲೆಕ್ಸಾಂಡರನಿಗೂ ಇನ್ನು ಎಂದೆಂದಿಗೂ ಸಂಬಂಧವಿಲ್ಲವೆಂದು ಪತ್ರಿಕೆಯಲ್ಲಿ ಪ್ರಕಟಿಸಿದನು. ಆ ದೇಶದ ಆಗಿನ ಸ್ಥಿತಿಯಲ್ಲಿ ಬೇರೆ ಏನು ಬರೆಯಬಹುದಾಗಿತ್ತು? 1939ರಲ್ಲಿ ಅವನು ತೀರಿಕೊಂಡನು. ತಮ್ಮನು 1946ನೆಯ ಮಾರ್ಚ್ 24ರಂದು ಪೋರ್ಚುಗಲ್ಲಿನ ಎಸ್ಟೋರಿಲ್ ಎಂಬಲ್ಲಿ, ಜಗಜ್ಜೇತನಾಗಿದ್ದಂತೆಯೇ, ಹೋಟೆಲಿನ ಕೊಠಡಿಯೊಂದರಲ್ಲಿ ಪ್ರಾಣಬಿಟ್ಟನು. ಆಗ ತೆಗೆದ ಛಾಯಾಚಿತ್ರದಲ್ಲಿ ಅವನು ಕುರ್ಚಿಗೆ ಒರಗಿದ್ದಾನೆ. ಪಕ್ಕದಲ್ಲಿ ಹಲಗೆ ಹೂಡಿದೆ. ಎದುರಿಗೆ ಆಡುವವರು ಯಾರೂ ಇಲ್ಲ.