ಪೆಟ್ಟಿಗೆಯೊಳಗಿನ ಸುಳ್ಳು ಎಷ್ಟು ಟನ್?

2007ರ ಜನವರಿ. ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ ಬ್ರಾನ್ಸ್‌ಕಂಬ್ ಅಂತ ಒಂದು ಪುಟ್ಟ ಹಳ್ಳಿ. ಅದರ ಕಡಲತೀರದಲ್ಲಿ ಜನಜಾತ್ರೆ. ಯಾರೋ ಹೊಚ್ಚ ಹೊಸ ಬಿಎಂಡಬ್ಲ್ಯು ಬೈಕ್ ತಳ್ಳಿಕೊಂಡು ಹೋಗ್ತಿದ್ದಾರೆ. ಇನ್ಯಾರೋ ವೈನ್ ಪೀಪಾಯಿ ಉರುಳಿಸ್ತಿದ್ದಾರೆ. ಮಕ್ಕಳ ಡೈಪರ್ ಕಟ್ಟುಗಳನ್ನೂ ಬಿಟ್ಟಿಲ್ಲ. ಹಡಗಿನಿಂದ ಸಮುದ್ರಕ್ಕೆ ಬಿದ್ದ ಕಂಟೇನರ್‌ಗಳು ದಡ ಸೇರಿ ಒಡೆದುಕೊಂಡಿದ್ದವು, ಸಿಕ್ಕವರಿಗೆ ಸೀರುಂಡೆ. ಜಗತ್ತಿನ ಟಿವಿ ಚಾನೆಲ್‌ಗಳೆಲ್ಲ ಇದನ್ನೇ ತೋರಿಸಿದವು. ಅಂಥ ದೃಶ್ಯ ಸಿಕ್ಕರೆ ಯಾವ ಚಾನೆಲ್ ಬಿಡುತ್ತೆ ಹೇಳಿ? ಆದರೆ ಆ ಹಡಗಿನ ನಿಜವಾದ ಸುದ್ದಿ ದಡಕ್ಕೆ ಬಂದ ಪೆಟ್ಟಿಗೆಗಳಲ್ಲಿ ಇರಲಿಲ್ಲ. ಹಡಗಿನ ಮೇಲೆಯೇ ಉಳಿದ ಪೆಟ್ಟಿಗೆಗಳಲ್ಲಿತ್ತು.

ಹಡಗಿನ ಹೆಸರು ಎಂಎಸ್‌ಸಿ ನಾಪೋಲಿ. 1991ರಲ್ಲಿ ಕಟ್ಟಿದ್ದು, ಉದ್ದ 275 ಮೀಟರ್. ಬೆಲ್ಜಿಯಂನ ಆಂಟ್‌ವೆರ್ಪ್‌ನಿಂದ ಪೋರ್ಚುಗಲ್‌ನ ಸಿನೆಸ್ ಬಂದರಿಗೆ ಹೊರಟಿತ್ತು. ಜನವರಿ 18ರಂದು ಇಂಗ್ಲಿಷ್ ಕಾಲುವೆಯಲ್ಲಿ ಬಿರುಗಾಳಿಗೆ ಸಿಕ್ಕಿತು. ಇಂಜಿನ್ ಕೋಣೆಯ ಭಾಗದಲ್ಲಿ ಹಡಗಿನ ಒಡಲು ಬಿರುಕುಬಿಟ್ಟು ನೀರು ನುಗ್ಗಿತು. ಹಡಗಿನಲ್ಲಿದ್ದ 26 ಮಂದಿ ಲೈಫ್‌ಬೋಟ್ ಹತ್ತಿದರು, ಬ್ರಿಟಿಷ್ ನೌಕಾಪಡೆಯ ಹೆಲಿಕಾಪ್ಟರ್‌ಗಳು ಎಲ್ಲರನ್ನೂ ಎತ್ತಿಕೊಂಡವು. ಒಂದು ಜೀವವೂ ಹೋಗಲಿಲ್ಲ. ಹಡಗು ನಡುನೀರಿನಲ್ಲಿ ಎರಡು ತುಂಡಾದರೆ ಇನ್ನೂ ದೊಡ್ಡ ಅನಾಹುತ ಅಂತ, ಅದನ್ನು ಎಳೆದು ತಂದು ಬ್ರಾನ್ಸ್‌ಕಂಬ್ ಎದುರಿಗೆ ಬೇಕೆಂದೇ ನೆಲ ಹಿಡಿಸಿದರು.

ಆಮೇಲೆ ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆಯವರು ಬಂದರು. ಡೆಕ್ಕಿನ ಮೇಲೆ ನೀರು ತಾಗದೆ ಉಳಿದಿದ್ದ ಸುಮಾರು 660 ಕಂಟೇನರ್‌ಗಳನ್ನು ಇಳಿಸಿ ತೂಗಿಸಿದ್ದರ ಲೆಕ್ಕ ಅವರ ವರದಿಯಲ್ಲಿದೆ. ಕಾಗದದ ಮೇಲಿನ ತೂಕ ಒಂದು, ತಕ್ಕಡಿಯ ತೂಕ ಇನ್ನೊಂದು. 137 ಪೆಟ್ಟಿಗೆಗಳಲ್ಲಿ ವ್ಯತ್ಯಾಸ 3 ಟನ್ನಿಗಿಂತ ಹೆಚ್ಚು. ಅಂದರೆ ಐದರಲ್ಲಿ ಒಂದು! ಒಂದೇ ಒಂದು ಪೆಟ್ಟಿಗೆಯಲ್ಲಿ 20 ಟನ್ ವ್ಯತ್ಯಾಸ. ಈ 137 ಪೆಟ್ಟಿಗೆ ಸೇರಿ ಪಟ್ಟಿಯಲ್ಲಿ ಬರೆದಿದ್ದಕ್ಕಿಂತ 312 ಟನ್ ಜಾಸ್ತಿ ತೂಗಿದವು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ನಾಪೋಲಿ ಒಡೆದಿದ್ದೇ ಸುಳ್ಳು ತೂಕದಿಂದ ಅಂತ ಹೇಳುವವರಿದ್ದಾರೆ. ವರದಿ ಹಾಗೆ ಹೇಳಿಲ್ಲ. ಇಂಜಿನ್ ಕೋಣೆಯ ಭಾಗದಲ್ಲಿ ಒಡಲಿಗೆ ಸಾಕಷ್ಟು ಬಲವೇ ಇರಲಿಲ್ಲ, ಅಂಥ ಅಲೆಗಳಲ್ಲಿ ವೇಗವನ್ನು ಇನ್ನಷ್ಟು ತಗ್ಗಿಸಬಹುದಿತ್ತು ಅನ್ನೋದು ಮುಖ್ಯ ಕಾರಣಗಳು. ತಪ್ಪು ತೂಕ ಮಾಡಿದ್ದೇನಪ್ಪಾ ಅಂದರೆ, ಮೊದಲೇ ತೆಳ್ಳಗಿದ್ದ ಸುರಕ್ಷತೆಯ ಅಂಚನ್ನು ಇನ್ನೂ ತೆಳ್ಳಗೆ ಮಾಡಿತು. ಆದರೆ ತನಿಖೆಯವರು ಎತ್ತಿ ತೋರಿಸಿದ ಸಂಗತಿ ಇನ್ನೂ ದೊಡ್ಡದು. ಹಡಗು ಸಾಗಣೆಯಲ್ಲಿ ತಾನು ಹೊತ್ತ ಸರಕಿನ ತೂಕ ತನಗೇ ಗೊತ್ತಿಲ್ಲದೆ ಸಮುದ್ರಕ್ಕಿಳಿಯುವುದು ಕಂಟೇನರ್ ಹಡಗು ಮಾತ್ರ.

ಇದು ಹೇಗೆ ಸಾಧ್ಯ? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಕಂಟೇನರ್ ಬರುವ ಮುಂಚೆ ಬಂದರಿನಲ್ಲಿ ಎಲ್ಲವೂ ಬಿಡಿ ಸರಕು. ಚೀಲ, ಪೀಪಾಯಿ, ಮರದ ಪೆಟ್ಟಿಗೆ. ಹಮಾಲರು ಬೆನ್ನ ಮೇಲೆ ಹೊತ್ತು ಹಡಗಿಗೆ ತುಂಬುತ್ತಿದ್ದರು. ಚೀಲದಲ್ಲಿ ಐದು ಕೆಜಿ ಹೆಚ್ಚಿದ್ದರೆ ಮೊದಲು ಗೊತ್ತಾಗುತ್ತಿದ್ದುದು ಹೊತ್ತವನ ಬೆನ್ನಿಗೆ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಮಾಲೀಕ 'ಐಡಿಯಲ್ ಎಕ್ಸ್' ಎಂಬ ಹಡಗಿನ ಮೇಲೆ 58 ಪೆಟ್ಟಿಗೆ ಏರಿಸಿ ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಬಿಡಿ ಸರಕು ತುಂಬಲು ಟನ್ನಿಗೆ ಸುಮಾರು 6 ಡಾಲರ್ ಆಗುತ್ತಿದ್ದ ಕಾಲದಲ್ಲಿ ಅವನಿಗೆ ತಗುಲಿದ್ದು ಟನ್ನಿಗೆ ಸುಮಾರು 16 ಸೆಂಟ್. ಜಗತ್ತಿನ ವ್ಯಾಪಾರವೇ ಬದಲಾಯಿತು, ಅದು ನಿಮಗೆಲ್ಲ ಗೊತ್ತಿರುವ ಕತೆ. ಗೊತ್ತಿಲ್ಲದ ಕತೆ ಇನ್ನೊಂದಿದೆ. ಕಾರ್ಖಾನೆಯಲ್ಲೇ ತುಂಬಿ, ಬೀಗ ಜಡಿದು, ಸೀಲ್ ಹಾಕಿದ ಪೆಟ್ಟಿಗೆಯನ್ನು ಕ್ರೇನ್ ಎತ್ತುತ್ತೆ. ಯಾರ ಬೆನ್ನಿಗೂ ಅದರ ಭಾರ ತಾಗೋದಿಲ್ಲ. ಒಳಗೆ ಎಷ್ಟಿದೆ ಅನ್ನೋದಕ್ಕೆ ಉಳಿದಿದ್ದು ಒಂದೇ ಸಾಕ್ಷಿ, ಕಳಿಸಿದವನು ಬರೆದುಕೊಟ್ಟ ಅಂಕಿ.

ಅಂಕಿ ತಪ್ಪಾದರೆ ಏನಾಗುತ್ತೆ? ಇಂಜಿನಿಯರಿಂಗ್ ಓದಿದವರಿಗೆ ಇದು ಮೊದಲ ವರ್ಷದ ಪಾಠ, ಓದದವರಿಗೂ ಕಷ್ಟವಲ್ಲ. ಹಡಗು ಅಂದರೆ ನೀರಿನ ಮೇಲಿನ ಒಂದು ಉದ್ದನೆಯ ತೊಲೆ. ದೊಡ್ಡ ಅಲೆ ನಡುವೆ ಬಂದಾಗ ಎರಡೂ ತುದಿ ಜೋತು ಬೀಳುತ್ತೆ. ಅಲೆ ತುದಿಗಳಿಗೆ ಬಂದಾಗ ನಡು ಕುಸಿಯುತ್ತೆ. ಹಾಗೆ ನಿಮಿಷಕ್ಕೆ ಹಲವು ಸಲ ಬಾಗುವ ತೊಲೆಯ ಮೇಲೆ ಎಲ್ಲಿ ಎಷ್ಟು ಭಾರ ಇಡಬೇಕು ಅಂತ ಲೆಕ್ಕ ಹಾಕಿ ನಕ್ಷೆ ಮಾಡ್ತಾರೆ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ನಮ್ಮ ಅಜ್ಜಿಯರು ಸಂತೆಯ ಬುಟ್ಟಿಯಲ್ಲಿ ಕುಂಬಳಕಾಯಿ ಕೆಳಗೆ, ಟೊಮೆಟೊ ಮೇಲೆ ಇಡ್ತಿದ್ದರಲ್ಲ, ಅದೇ ಬುದ್ಧಿ. ಈಗ ಟೊಮೆಟೊ ಅಂತ ಚೀಟಿ ಅಂಟಿಸಿದ ಪೆಟ್ಟಿಗೆಯೊಳಗೆ ಕುಂಬಳಕಾಯಿ ಇದ್ದರೆ? ಮೇಲಿನ ಸಾಲು ತಲೆಭಾರವಾಗುತ್ತೆ, ಕೆಳಗಿನ ಪೆಟ್ಟಿಗೆ ಜಜ್ಜಿಹೋಗುತ್ತೆ, ಬಿಗಿದ ಕಬ್ಬಿಣದ ಸಲಾಕೆಗಳು ಕಿತ್ತು ಬರುತ್ತೆ, ಇಡೀ ಸಾಲೇ ಸಮುದ್ರಕ್ಕೆ ಬೀಳುತ್ತೆ. ಹಡಗು ಎಷ್ಟು ಮುಳುಗಿದೆ ಅಂತ ನೋಡಿ ಒಟ್ಟು ಭಾರ ಹೆಚ್ಚಿರೋದನ್ನು ಕ್ಯಾಪ್ಟನ್ ಕಂಡುಹಿಡೀಬಹುದು. ಸಾವಿರಾರು ಪೆಟ್ಟಿಗೆಯಲ್ಲಿ ಸುಳ್ಳು ಹೇಳ್ತಿರೋದು ಯಾವುದು ಅಂತ ಹೇಗೆ ಹುಡುಕೋದು?

ಸಮುದ್ರದವರೆಗೂ ಹೋಗಬೇಕಾಗಿಲ್ಲ. 2011ರ ಜೂನ್ 11, ಸ್ಪೇನಿನ ಅಲ್ಜೆಸಿರಾಸ್ ಬಂದರು. ಗಾಳಿಯಿಲ್ಲ, ಅಲೆಯಿಲ್ಲ, ಧಕ್ಕೆಗೆ ಕಟ್ಟಿದ ಹಡಗು. ಡೆನೆಬ್ ಎಂಬ ಸಣ್ಣ ಕಂಟೇನರ್ ಹಡಗು ಸರಕು ತುಂಬುತ್ತಿರುವಾಗಲೇ ಒಂದು ಬದಿಗೆ ಮಲಗಿಬಿಟ್ಟಿತು. ಅದರಲ್ಲಿದ್ದ 168 ಪೆಟ್ಟಿಗೆಗಳಲ್ಲಿ 16ರ ತೂಕ ಬರೆದಿದ್ದಕ್ಕಿಂತ 1.9 ಪಟ್ಟಿನಿಂದ 6.7 ಪಟ್ಟಿನವರೆಗೆ ಹೆಚ್ಚಿತ್ತು.

ಯಾಕೆ ಹೀಗೆ ಬರೀತಾರೆ? ಎಲ್ಲರೂ ಕಳ್ಳರು ಅಂತಲ್ಲ. ಬಹಳ ಸಲ ಸರಕು ತುಂಬುವ ಮುಂಚೆಯೇ ಹಡಗಿನಲ್ಲಿ ಜಾಗ ಕಾದಿರಿಸಿರ್ತಾರೆ, ಆಗ ಅಂದಾಜಿಗೆ ಬರೆದ ತೂಕವೇ ಕೊನೆಯವರೆಗೂ ಉಳಿದುಬಿಡುತ್ತೆ. ರಸ್ತೆಯ ತೂಕದ ಮಿತಿ ತಪ್ಪಿಸಲು, ಸುಂಕ ಉಳಿಸಲು ಬೇಕೆಂದೇ ಕಡಿಮೆ ಬರೆಯುವವರೂ ಇದ್ದಾರೆ. ಆದರೆ ಮೂಲ ಕಾರಣ ನನಗೆ ಕಾಣೋದು ಬೇರೆ. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಬ್ಬು ಬೆಳೆಗಾರರನ್ನು ಕೇಳಿ. ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಒಂದು ಕ್ವಿಂಟಲ್ ಕಡಿಮೆ ತೋರಿಸಿದರೂ ಜಗಳಕ್ಕೆ ನಿಲ್ತಾರೆ. ನಿಲ್ಲಲೇಬೇಕು, ತೂಕವೇ ಅವರ ದುಡ್ಡು. ಕಂಟೇನರ್‌ನಲ್ಲಿ ಹಡಗಿನವನು ಬಾಡಿಗೆ ತಗೊಳ್ಳೋದು ಸಾಮಾನ್ಯವಾಗಿ ಪೆಟ್ಟಿಗೆಯ ಲೆಕ್ಕದಲ್ಲಿ. ಒಳಗೆ ಹತ್ತು ಟನ್ ಇದ್ದರೂ ಹದಿನೈದು ಇದ್ದರೂ ಕಳಿಸುವವನ ಜೇಬಿಗೆ ದೊಡ್ಡ ವ್ಯತ್ಯಾಸ ಇಲ್ಲ. ಜಗಳ ಆಡುವವರೇ ಇಲ್ಲದ ಕಡೆ ತಕ್ಕಡಿ ತರುವವರು ಯಾರು? ಆ ಪೆಟ್ಟಿಗೆಯ ಕೆಳಗೆ ನಿಲ್ಲುವ ಬಂದರು ಕಾರ್ಮಿಕ, ಲಾರಿ ಡ್ರೈವರ್, ಹಡಗಿನ ಹುಡುಗ, ಇವರನ್ನು ಯಾರೂ ಕೇಳಲೇ ಇಲ್ಲ.

ಇದು ಹೊಸ ರೋಗವೂ ಅಲ್ಲ. ಹತ್ತೊಂಬತ್ತನೇ ಶತಮಾನದ ಬ್ರಿಟನ್ನಿನಲ್ಲಿ ಹಡಗಿಗೆ ಮಿತಿಮೀರಿ ತುಂಬಿ, ಮುಳುಗಿದರೆ ವಿಮೆ ಹಣ ಪಡೆಯುವ ಮಾಲೀಕರಿದ್ದರು. ಅಂಥ ಹಡಗುಗಳಿಗೆ ಜನ ಶವಪೆಟ್ಟಿಗೆ ಅಂತಲೇ ಕರೀತಿದ್ದರು. ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸದ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದ. 1876ರಲ್ಲಿ ಕಾನೂನು ಬಂತು. ಹಡಗಿನ ಪಕ್ಕದಲ್ಲಿ ಒಂದು ಗೆರೆ ಬರೆಯಬೇಕು, ನೀರು ಆ ಗೆರೆ ದಾಟುವಷ್ಟು ತುಂಬಬಾರದು. ತಮಾಷೆ ನೋಡಿ, ಗೆರೆ ಎಲ್ಲಿ ಬರೆಯಬೇಕು ಅನ್ನೋದನ್ನು ಮಾಲೀಕನಿಗೇ ಬಿಟ್ಟಿದ್ದರು! ಒಬ್ಬ ಕ್ಯಾಪ್ಟನ್ ಸಿಟ್ಟಿಗೆ ಅದನ್ನು ಹೊಗೆಕೊಳವೆಯ ಮೇಲೆ ಬರೆಸಿದ ಅನ್ನೋ ಕತೆಯೂ ಇದೆ. ಗೆರೆಯ ಜಾಗವನ್ನು ಕಾನೂನೇ ಗೊತ್ತುಮಾಡಿದ್ದು 1890ರಲ್ಲಿ. ನಡುವೆ 14 ವರ್ಷ.

ಕಂಟೇನರ್ ವಿಷಯದಲ್ಲೂ ಆಗಿದ್ದು ಅದೇ. ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಹುಟ್ಟಿದ 'ಸೋಲಾಸ್' ಅನ್ನೋ ಅಂತಾರಾಷ್ಟ್ರೀಯ ಒಪ್ಪಂದ ಇದೆ, ಸಮುದ್ರದಲ್ಲಿ ಜೀವರಕ್ಷಣೆಗಾಗಿ ಮಾಡಿದ್ದು. ಸರಕು ಕಳಿಸುವವನು ಸರಿಯಾದ ತೂಕ ತಿಳಿಸಬೇಕು ಅಂತ ಅದರಲ್ಲಿ ಮೊದಲೇ ಬರೆದಿತ್ತು. ಸರಿಯೋ ತಪ್ಪೋ ಅಂತ ತೂಗಿ ನೋಡಬೇಕು ಅಂತ ಮಾತ್ರ ಬರೆದಿರಲಿಲ್ಲ. ನಾಪೋಲಿಯ ವರದಿಯ ನಂತರ ವಾದ ಜೋರಾಯಿತು. ಹಡಗು ಕಂಪನಿಗಳು ತೂಗಲೇಬೇಕು ಅಂದವು. ಸರಕು ಕಳಿಸುವವರ ಸಂಘಗಳು ಖರ್ಚು, ತಡ ಅಂತ ತಕರಾರು ತೆಗೆದವು. 2013ರ ಜೂನ್‌ನಲ್ಲಿ ಸಿಂಗಾಪುರದಿಂದ ಜಿದ್ದಾಗೆ ಹೊರಟಿದ್ದ ಎಂಒಎಲ್ ಕಂಫರ್ಟ್ ಅನ್ನೋ ಹಡಗು, ಕಟ್ಟಿ ಐದೇ ವರ್ಷವಾಗಿದ್ದುದು, ಯೆಮೆನ್ ಆಚೆಯ ಸಮುದ್ರದಲ್ಲಿ ಎರಡು ಹೋಳಾಯಿತು. 26 ಸಿಬ್ಬಂದಿ ಬದುಕಿದರು, ನಾಲ್ಕು ಸಾವಿರಕ್ಕೂ ಹೆಚ್ಚು ಕಂಟೇನರ್ ಹಡಗಿನ ಜತೆ ಹೋದವು. ಅಲ್ಲೂ ತೂಕವೇ ಕಾರಣ ಅಂತ ಸಾಬೀತಾಗಲಿಲ್ಲ. ಆದರೆ ಪೆಟ್ಟಿಗೆಯೊಳಗೆ ಎಷ್ಟಿತ್ತು ಅನ್ನೋ ಪ್ರಶ್ನೆಯನ್ನು ಯಾರೂ ತಳ್ಳಿಹಾಕುವಂತಿರಲಿಲ್ಲ.

ಕೊನೆಗೆ 2014ರ ನವೆಂಬರ್‌ನಲ್ಲಿ ತಿದ್ದುಪಡಿ ಆಯಿತು, ಜಾರಿಯಾಗಿದ್ದು 2016ರ ಜುಲೈ 1ಕ್ಕೆ. ಐಡಿಯಲ್ ಎಕ್ಸ್ ಹೊರಟು ಆಗಲೇ 60 ವರ್ಷ. ಹೊಸ ನಿಯಮ ಸರಳ. ಖಚಿತಪಡಿಸಿದ ತೂಕದ ಪತ್ರ ಇಲ್ಲದ ಕಂಟೇನರ್ ಹಡಗು ಹತ್ತುವ ಹಾಗಿಲ್ಲ. ತೂಕ ಹೇಳೋಕೆ ಎರಡು ದಾರಿ. ತುಂಬಿ ಸೀಲ್ ಮಾಡಿದ ಪೆಟ್ಟಿಗೆಯನ್ನೇ ತೂಗಬಹುದು. ಇಲ್ಲವೇ ಒಳಗೆ ಇಡುವ ಒಂದೊಂದು ಸರಕನ್ನೂ, ಅದರ ಅಡಿಯ ಹಲಗೆಯನ್ನೂ, ಆನಿಕೆಗೆ ಕೊಟ್ಟ ಮರದ ತುಂಡನ್ನೂ ತೂಗಿ, ಪೆಟ್ಟಿಗೆಯ ಬಾಗಿಲ ಮೇಲೆ ಬರೆದಿರುವ ಖಾಲಿ ತೂಕವನ್ನು ಕೂಡಿಸಬಹುದು. ಇಪ್ಪತ್ತಡಿ ಪೆಟ್ಟಿಗೆ ಖಾಲಿಯಿದ್ದಾಗಲೇ ಎರಡು ಟನ್ ದಾಟುತ್ತೆ, ಅದನ್ನು ಮರೆಯುವ ಹಾಗಿಲ್ಲ. ಎರಡರಲ್ಲಿ ಯಾವುದಾದರೂ ಕೆಳಗೊಂದು ಸಹಿ ಬೇಕು. ನನ್ನ ಪ್ರಕಾರ ಈ ನಿಯಮದ ಜೀವ ಇರೋದು ತಕ್ಕಡಿಯಲ್ಲಲ್ಲ, ಆ ಸಹಿಯಲ್ಲಿ. ಅಲ್ಲಿಯವರೆಗೆ ಅಂಕಿ ಇತ್ತು, ಅಂಕಿಗೆ ಹೊಣೆ ಹೊತ್ತ ಹೆಸರು ಇರಲಿಲ್ಲ.

ಅಮೆರಿಕ ಮಾತ್ರ ತನ್ನದೇ ದಾರಿ ಹಿಡಿಯಿತು. ಕೃಷಿ ರಫ್ತುದಾರರು ಗದ್ದಲ ಎಬ್ಬಿಸಿದರು. ನಿಯಮ ಜಾರಿಗೆ ಎರಡು ತಿಂಗಳಿರುವಾಗ, 2016ರ ಏಪ್ರಿಲ್ ಕೊನೆಯಲ್ಲಿ, ನಮ್ಮಲ್ಲಿ ಈಗಿರುವ ಪದ್ಧತಿಯೇ ಇದಕ್ಕೆ ಸಮ ಅಂತ ಅಲ್ಲಿನ ಕೋಸ್ಟ್ ಗಾರ್ಡ್ ಘೋಷಿಸಿಬಿಟ್ಟಿತು. ದೊಡ್ಡಣ್ಣನಿಗೆ ನಿಯಮ ಯಾವಾಗಲೂ ಸ್ವಲ್ಪ ಸಡಿಲ. ಇನ್ನು ಎಷ್ಟು ವ್ಯತ್ಯಾಸವನ್ನು ಸಹಿಸಬಹುದು, ತಪ್ಪಿದರೆ ದಂಡ ಎಷ್ಟು, ಇದನ್ನು ಆಯಾ ದೇಶಕ್ಕೇ ಬಿಟ್ಟಿದ್ದಾರೆ. ಪ್ಲಿಮ್ಸಾಲ್‌ನ ಗೆರೆ ನೆನಪಾಗುತ್ತೆ.

ನಮ್ಮ ಮನೆ ಬಾಗಿಲಿನ ಮಾತಿಗೆ ಬರೋಣ. 2025ರ ಮೇ 25ರಂದು ಕೇರಳದ ಕೊಚ್ಚಿ ಬಳಿ ಎಂಎಸ್‌ಸಿ ಎಲ್ಸಾ 3 ಮುಳುಗಿದ್ದನ್ನು ನೀವು ನೋಡಿದ್ದೀರಿ. ಹಡಗಿನಲ್ಲಿ 640 ಕಂಟೇನರ್. ಅದು ಮುಳುಗಿದ್ದಕ್ಕೂ ತೂಕಕ್ಕೂ ನಾನು ಗಂಟು ಹಾಕ್ತಿಲ್ಲ. ಆದರೆ ಪೆಟ್ಟಿಗೆಗಳು ಕೊಲ್ಲಂ, ಆಲಪ್ಪುಳ ದಡಕ್ಕೆ ತೇಲಿ ಬಂದಾಗ ಮೀನುಗಾರರಿಂದ ಜಿಲ್ಲಾಡಳಿತದವರೆಗೆ ಎಲ್ಲರ ಕೈಯಲ್ಲಿ ಇದ್ದದ್ದು ಅದೇ ಕಾಗದದ ಪಟ್ಟಿ. ಕಳಿಸಿದವನು ಬರೆದಷ್ಟೇ ಜಗತ್ತಿಗೆ ಗೊತ್ತು.

ನಮ್ಮ ರಾಜ್ಯದ ಕಾಫಿ ನವಮಂಗಳೂರು ಬಂದರಿನಿಂದ ಕಂಟೇನರ್‌ನಲ್ಲೇ ಹೋಗುತ್ತೆ. ಬೆಂಗಳೂರಿನ ಕಾರ್ಖಾನೆಗಳ ಸರಕು ವೈಟ್‌ಫೀಲ್ಡ್ ಡಿಪೋದಿಂದ ರೈಲು ಹತ್ತಿ ಚೆನ್ನೈ ಸೇರುತ್ತೆ. ಕಾಫಿ ಚೀಲದ ತೂಕ ಒಂದೇ ಸಮ, ಎಣಿಸಿದರೆ ಲೆಕ್ಕ ಸಿಗುತ್ತೆ. ಗ್ರಾನೈಟ್‌ನಂಥ ಕಲ್ಲಿನದ್ದು ಹಾಗಲ್ಲ, ಒಂದು ಹೆಚ್ಚಿನ ಚಪ್ಪಡಿ ಸೇರಿದರೂ ಕಾಗದ ಸುಳ್ಳಾಗುತ್ತೆ. ನಮ್ಮಲ್ಲಿ ಬಹುತೇಕ ಈ ಕೆಲಸ ನಡೆಯೋದು ಕಾನೂನು ಮಾಪನ ಇಲಾಖೆ ಮುದ್ರೆ ಹಾಕಿದ ಲಾರಿ ಕಾಟಾದ ಮೇಲೆ. ಒಂದೇ ಟ್ರೈಲರ್ ಮೇಲೆ ಎರಡು ಇಪ್ಪತ್ತಡಿ ಪೆಟ್ಟಿಗೆ ಬಂತು ಅಂದುಕೊಳ್ಳಿ. ಕಾಟಾ ಹೇಳೋದು ಎರಡರದ್ದೂ ಸೇರಿದ ತೂಕ. ಅದನ್ನು ಸಮನಾಗಿ ಎರಡು ಭಾಗ ಮಾಡಿ ಚೀಟಿ ಬರೆದರೆ ನಿಯಮ ಒಪ್ಪೋದಿಲ್ಲ, ಒಂದೊಂದರ ತೂಕವೂ ಬೇರೆ ಬೇರೆ ಬೇಕು. ಒಂದನ್ನು ಇಳಿಸಬೇಕಾದರೆ ಕ್ರೇನ್ ಬೇಕು, ಕ್ರೇನಿಗೆ ಬಾಡಿಗೆ ಬೇಕು, ಅಷ್ಟು ಹೊತ್ತಿಗೆ ಬಂದರಿನ ಗೇಟು ಮುಚ್ಚುವ ಸಮಯ ಆಗಿರುತ್ತೆ. ಹಿಂದೆ ಲಾರಿಗಳ ಸಾಲು ಹಾರ್ನ್ ಹೊಡೀತಾ ನಿಂತಿರುತ್ತೆ, ಕಾಟಾದವನ ಕೈಯಲ್ಲಿ ಪೆನ್ನು ಇರುತ್ತೆ.