ಶಾಲಾ ಮಕ್ಕಳ ಹೋಂವರ್ಕ್: ಕರ್ನಾಟಕದಲ್ಲಿ ಅದರ ಇತಿಹಾಸ

ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಮಾಡಿಕೊಂಡು ಬರಲೆಂದು ಶಿಕ್ಷಕರು ಕೊಡುವ ಬರವಣಿಗೆ, ಲೆಕ್ಕ, ಬಾಯಿಪಾಠ, ಪ್ರಾಜೆಕ್ಟುಗಳಿಗೆಲ್ಲ ಒಟ್ಟಾಗಿ ಹೋಂವರ್ಕ್ ಎನ್ನುತ್ತಾರೆ. ತರಗತಿಯಲ್ಲಿ ತಿಳಿದದ್ದು ಕೈಗೆ ರೂಢಿಯಾಗಲಿ, ಒಬ್ಬರೇ ಕೂತು ಓದುವ ಅಭ್ಯಾಸ ಬೆಳೆಯಲಿ ಎಂಬುದು ಅದರ ಉದ್ದೇಶ. ಎಷ್ಟು ಕೊಡಬೇಕು ಎಂಬುದಕ್ಕೆ ಇಂದು ಸರ್ಕಾರಿ ಕಾಗದಗಳಲ್ಲಿ ಉತ್ತರವಿದೆ. ಮಗು ಸಂಜೆ ಎಂಥ ಮನೆಗೆ ಹಿಂತಿರುಗುತ್ತದೆ ಎಂಬುದನ್ನು ಮಾತ್ರ ಆ ಉತ್ತರಗಳು ಹೆಚ್ಚು ವಿಚಾರಿಸಿಲ್ಲ.

ಹಳೆಯ ಕಾಲದ ಊರ ಶಾಲೆಗಳಾದ ಕೂಲಿಮಠಗಳಲ್ಲಿ ಮನೆಗೆ ಬೇರೆ ಕೆಲಸ ಕೊಡುವ ಅಗತ್ಯವೇ ಅಷ್ಟಾಗಿ ಇರಲಿಲ್ಲ. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ನಡೆಸಿದ ವಿಚಾರಣೆಗೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಕಳಿಸಿದ ವರದಿ ಈ ಕಾಲದ ಮುಖ್ಯ ದಾಖಲೆ.  ಆ ಜಿಲ್ಲೆಯಲ್ಲಿ ಅವನು ಎಣಿಸಿದ ಶಾಲೆಗಳು 533, ವಿದ್ಯಾರ್ಥಿಗಳು 6,641. ಬೆಳಗಿನ ಆರು ಗಂಟೆಗೆ ಮಠ ಶುರು. ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಮುಂದಕ್ಕೆ ಒಂದೊಂದು ಹೆಚ್ಚಾಗುತ್ತ ಹೋಗುವ ಏಟು. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿತವರು ಆಮೇಲೆ ಕರಿ ಲೇಪಿಸಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮುಂದಿನವರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಈ ಏರ್ಪಾಟನ್ನು ಕ್ಯಾಂಬೆಲ್ ಮೆಚ್ಚಿದ. ಅರ್ಥ ತಿಳಿಯದೆ ಹಳೆಯ ಪದ್ಯಗಳನ್ನು ಉರು ಹೊಡೆಸುವುದನ್ನು ಮಾತ್ರ ಕಟುವಾಗಿ ಟೀಕಿಸಿದ. ಅಭ್ಯಾಸವೆಲ್ಲ ಗುರುವಿನ ಕಣ್ಣೆದುರೇ, ಸಹಪಾಠಿಗಳ ಜೊತೆಗೇ ನಡೆಯುತ್ತಿತ್ತು ಎಂಬುದು ಈ ವರದಿಯಲ್ಲಿ ಇಂದಿನ ಓದುಗರು ಗಮನಿಸಬೇಕಾದ ಅಂಶ. ಮಗ್ಗಿ ಬಾರದ ಹುಡುಗ ಒಂಟಿಯಾಗಿ ಕೂರುವ ಪ್ರಸಂಗ ಕಡಿಮೆ.

ಮೈಸೂರು ಸೀಮೆಯಲ್ಲಿ ವಿದ್ಯಾ ಇಲಾಖೆ ಹುಟ್ಟಿದ್ದು 1857ರಲ್ಲಿ. ಇಲಾಖೆಯ ಅಧಿಕಾರಿ ಬಿ. ಎಲ್. ರೈಸ್ 1868ರಲ್ಲಿ ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯಿಂದ ಸರ್ಕಾರಿ ಶಾಲೆ ಹಳ್ಳಿಗಾಡಿಗೂ ಬಂತು. ಪಠ್ಯಪುಸ್ತಕ, ತರಗತಿ, ಪರೀಕ್ಷೆ, ಇನ್‌ಸ್ಪೆಕ್ಟರರ ಭೇಟಿ ಎಲ್ಲವೂ ಬಂದವು. ಗಂಟೆ ಹೊಡೆದೊಡನೆ ಶಾಲೆ ಮುಗಿಯುತ್ತಿತ್ತು, ಪಾಠ ಮುಗಿಯುತ್ತಿರಲಿಲ್ಲ. ಉಳಿದದ್ದು ಸ್ಲೇಟಿನ ಮೇಲೆ, ಕಾಗದ ಅಗ್ಗವಾದಂತೆ ಪಟ್ಟಿ ಪುಸ್ತಕದಲ್ಲಿ, ಮನೆಗೆ ಹೋಯಿತು. ಕಾಪಿ ಬರೆಯುವುದು, ಪ್ರಶ್ನೋತ್ತರ ಇಳಿಸುವುದು, ತಪ್ಪಿದ ಪದವನ್ನು ಹತ್ತು ಸಲ ಬರೆಯುವುದು ತಲೆಮಾರುಗಳ ರೂಢಿಯಾಯಿತು.

ಆದರೆ ಬರೆಯುವುದಕ್ಕೆ ಬೆಳಕು ಬೇಕು. ಬಡ ಕುಟುಂಬಗಳ ಮನೆಗೊಂದು ಬಲ್ಬು ಕೊಡುವ ಭಾಗ್ಯಜ್ಯೋತಿ ಯೋಜನೆಯನ್ನು ಕರ್ನಾಟಕ ಆರಂಭಿಸಿದ್ದು 1979ರ ಸುಮಾರಿಗೆ. ಅಲ್ಲಿಯವರೆಗೆ ಅಂಥ ಮನೆಗಳ ಹೋಂವರ್ಕ್ ಸೀಮೆಎಣ್ಣೆ ಬುಡ್ಡಿಯ ಕೆಳಗೇ ನಡೆಯಬೇಕಿತ್ತು. ಬೆಳಕು ಬಂದ ಮೇಲೂ ಹೊತ್ತು ಸಿಗುವುದು ಸುಲಭವಾಗಿರಲಿಲ್ಲ. ದಾವಣಗೆರೆ ಜಿಲ್ಲೆಯ ಗೋವಿನಕೋವಿಯಂಥ ಊರಿನಲ್ಲಿ ಮಗು ಶಾಲೆಯಿಂದ ಬಂದಾಗ ಅಪ್ಪ ಅಮ್ಮ ಹೊಲದಲ್ಲೇ ಇರಬಹುದು. ದನಕ್ಕೆ ಮೇವು ಹಾಕಬೇಕು, ನೀರು ತುಂಬಬೇಕು, ತಮ್ಮನನ್ನು ನೋಡಿಕೊಳ್ಳಬೇಕು. ಹೆಣ್ಣುಮಕ್ಕಳಿಗೆ ಇದರ ಪಾಲು ಹೆಚ್ಚು. ಚನ್ನಗಿರಿ, ಹೊನ್ನಾಳಿ ಕಡೆ ಅಡಿಕೆ ಸುಲಿತದ ಕಾಲ ಬಂದರೆ ಮನೆಮಂದಿಯೆಲ್ಲ ರಾತ್ರಿಯವರೆಗೆ ಅದರ ಮುಂದೆಯೇ. ಸುಲಿಯುವ ಯಂತ್ರ ಬಂದ ಮೇಲೆ ಇದು ಕಡಿಮೆಯಾಗಿದೆ. ಅಮ್ಮನಿಗೆ ಓದು ಬರದಿದ್ದರೆ ಇಂಗ್ಲಿಷ್ ಪಾಠದ ಪ್ರಶ್ನೆಗೆ ಉತ್ತರ ಹೇಳುವವರು ಯಾರು? ಅದೇ ಒಂದು ಪುಟ ಪಟ್ಟಣದ ಓದಿದವರ ಮನೆಯಲ್ಲಿ ಇಪ್ಪತ್ತು ನಿಮಿಷದ ಕೆಲಸ. ಸಮನಾಗಿ ಹಂಚಿದ ಹೋಂವರ್ಕ್ ಸಮನಾದ ಹೊರೆ ಅಲ್ಲ. ಹಾಗಿದ್ದೂ ಮರುದಿನ ಬೆಂಚಿನ ಮೇಲೆ ನಿಲ್ಲಬೇಕಾದ್ದು ಮಗುವೇ. ಇದು ಅನ್ಯಾಯವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಹೊರೆಯನ್ನು ಸಂಸತ್ತಿನಲ್ಲಿ ಎತ್ತಿದವರು ಮೈಸೂರಿನ ಕಾದಂಬರಿಕಾರ ಆರ್. ಕೆ. ನಾರಾಯಣ್. 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ರಜೆಯ ದಿನ ಅಪ್ಪ ಕೊಟ್ಟ ಮಾವಿನಹಣ್ಣಿನ ಲೆಕ್ಕದ ಮುಂದೆ ತಬ್ಬಿಬ್ಬಾದ ಹುಡುಗನನ್ನು ಚಿತ್ರಿಸಿದ ಅವರು, ನಾಮನಿರ್ದೇಶಿತ ಸದಸ್ಯರಾಗಿ ರಾಜ್ಯಸಭೆಯಲ್ಲಿ ಮಾಡಿದ ಮೊದಲ ಭಾಷಣದಲ್ಲಿ ಮಕ್ಕಳ ಬೆನ್ನು ಬಗ್ಗಿಸುವ ಚೀಲಗಳ ಬಗ್ಗೆಯೇ ಮಾತಾಡಿದರು. ಆ ಚರ್ಚೆಯ ಜಾಡಿನಲ್ಲಿ ರಚನೆಯಾದ ಪ್ರೊ. ಯಶಪಾಲ್ ಸಮಿತಿ 1993ರಲ್ಲಿ ವರದಿ ಕೊಟ್ಟಿತು. ಪ್ರಾಥಮಿಕ ತರಗತಿಗಳಲ್ಲಿ ಮನೆಯ ಸುತ್ತಮುತ್ತ ನೋಡಿ ತಿಳಿಯುವ ಕೆಲಸ ಬಿಟ್ಟರೆ ಹೋಂವರ್ಕ್ ಬೇಡ, ಮೇಲಿನ ತರಗತಿಗಳಲ್ಲಿ ಬೇಕೇ ಆದರೆ ಪಠ್ಯಪುಸ್ತಕದಾಚೆಯದು ಇರಲಿ ಎಂದಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಅದಕ್ಕೆ ಲೆಕ್ಕ ಕಟ್ಟಿತು: ಎರಡನೇ ತರಗತಿಯವರೆಗೆ ಏನೂ ಇಲ್ಲ, ಮೂರರಿಂದ ವಾರಕ್ಕೆ ಎರಡು ಗಂಟೆ, ಮಾಧ್ಯಮಿಕ ಹಂತದಲ್ಲಿ ದಿನಕ್ಕೆ ಒಂದು, ಪ್ರೌಢ ಹಂತದಲ್ಲಿ ಎರಡು ಗಂಟೆ. 2020ರ ಶಾಲಾ ಚೀಲ ನೀತಿಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಈ ಗಂಟೆಗಳು ಎಲ್ಲ ವಿಷಯಗಳಿಗೂ ಸೇರಿದವು. ಆರು ವಿಷಯಗಳ ಶಿಕ್ಷಕರು ಒಬ್ಬರನ್ನೊಬ್ಬರು ಕೇಳದೆ ತಲಾ ಅರ್ಧ ಗಂಟೆಯದು ಕೊಟ್ಟರೂ ಮೂರು ಗಂಟೆಯಾಗುತ್ತದೆ. ಅದಕ್ಕೇ ಶಿಕ್ಷಕರು ಕೂಡಿ ಕುಳಿತು ಪ್ರಮಾಣ ನಿರ್ಧರಿಸಬೇಕೆಂದು 2005ರ ಚೌಕಟ್ಟು ಸೂಚಿಸಿತ್ತು. ಅದರ ಸೂಚನೆಗಳಲ್ಲಿ ಅತಿ ಉಪಯುಕ್ತವಾದದ್ದು ಇದು.

ಚಿಕ್ಕ ಮಕ್ಕಳಿಗೆ ಹೋಂವರ್ಕ್ ಬೇಡವೆಂಬ ದಿಕ್ಕನ್ನೇ ಸಂಶೋಧನೆಯೂ ತೋರಿಸುತ್ತದೆ. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 2006ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಹೋಂವರ್ಕಿಗೂ ಕಲಿಕೆಯ ಮಟ್ಟಕ್ಕೂ ನಂಟು ದೊಡ್ಡ ಮಕ್ಕಳಲ್ಲಿ ಹೆಚ್ಚು, ಚಿಕ್ಕವರಲ್ಲಿ ತೀರ ದುರ್ಬಲ ಎಂದು ಕಂಡುಬಂತು. ಚೀನಾ 2021ರಲ್ಲಿ ಒಂದು, ಎರಡನೇ ತರಗತಿಗೆ ಬರವಣಿಗೆಯ ಹೋಂವರ್ಕ್ ನಿಲ್ಲಿಸಿತು.

ಕರ್ನಾಟಕದ ಸರ್ಕಾರಿ ಶಾಲೆಗಳು ಚಿಕ್ಕವರಿಗೆ ಹೋಂವರ್ಕ್ ಬೇಡವೆಂಬ ನೆಲೆಗೆ ಬೇರೊಂದು ದಾರಿಯಿಂದ ಮುಟ್ಟಿದ್ದವು. 1995ರಲ್ಲಿ ಎಚ್. ಡಿ. ಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿ 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಕಿರಿಯ ತರಗತಿಗಳಿಗೆ ಹಬ್ಬಿತು. ಕಲಿಕಾ ಏಣಿ, ಕಾರ್ಡು, ಗುಂಪು, ಹಾಡು ಎಲ್ಲವೂ ತರಗತಿಯೊಳಗೇ; ಮಗು ತನ್ನ ವೇಗದಲ್ಲಿ ಮೈಲಿಗಲ್ಲು ದಾಟುತ್ತದೆ. ನಿಜವಾಗಿ ನಡೆದ ಕಡೆಗಳಲ್ಲಿ ಮನೆಗೆ ಹೊತ್ತೊಯ್ಯುವುದು ಹೆಚ್ಚೇನೂ ಉಳಿಯುವುದಿಲ್ಲ. ಹಲವು ಪೋಷಕರಿಗೆ ಇದೇ ಅನುಮಾನಕ್ಕೆ ಕಾರಣವಾಯಿತು. ಪಕ್ಕದ ಮನೆಯ ಕಾನ್ವೆಂಟ್ ಮಗು ಪುಟಗಟ್ಟಲೆ ಬರೆಯುವಾಗ ತಮ್ಮ ಮಗು ಆಡುತ್ತಿದ್ದರೆ, ಅಲ್ಲಿ ಓದಿಸುವುದೇ ಇಲ್ಲವೆಂದು ಅವರು ತಿಳಿದರು. ಹೋಂವರ್ಕ್ ಬೆಳೆದುದರಲ್ಲಿ ಶಿಕ್ಷಕರಷ್ಟೇ ಪಾಲು ಈ ಆತಂಕದ್ದೂ ಇದೆ.

2019ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಒಂದು, ಎರಡನೇ ತರಗತಿಗೆ ಹೋಂವರ್ಕ್ ಬೇಡವೆಂದೂ, ಆ ಮಕ್ಕಳ ಚೀಲ 2 ಕೆ.ಜಿ. ಮೀರಬಾರದೆಂದೂ, ತಿಂಗಳ ಮೂರನೇ ಶನಿವಾರ ಚೀಲವಿಲ್ಲದ ದಿನವಾಗಲೆಂದೂ ಸೂಚಿಸಿತು. ನಾಲ್ಕು ವರ್ಷದಲ್ಲೇ, 2023ರಲ್ಲಿ, ಚೀಲದ ತೂಕದ ಸುತ್ತೋಲೆಯನ್ನು ಮತ್ತೆ ಹೊರಡಿಸಬೇಕಾಯಿತು. ನಡುವೆ ಕೊರೊನಾ ಕಾಲದಲ್ಲಿ ಶಾಲೆಯೇ ಮನೆಗೆ ಬಂದಿತ್ತು. 2020ರ ವಿದ್ಯಾಗಮ ಯೋಜನೆಯಲ್ಲಿ ಶಿಕ್ಷಕರು ದೇವಸ್ಥಾನದ ಜಗಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದರು. ಸ್ಮಾರ್ಟ್‌ಫೋನ್ ಇದ್ದ ಮನೆಗಳಿಗೆ ವಾಟ್ಸ್ಆ್ಯಪ್‌ನಲ್ಲಿ ಹೋಂವರ್ಕ್ ಬಂತು. ಶಾಲೆಗಳು ತೆರೆದ ಮೇಲೂ ಆ ಗುಂಪುಗಳು ಉಳಿದುಕೊಂಡವು. ಈಗ ರಾತ್ರಿ ಎಂಟಕ್ಕೂ ಫೋನಿಗೆ ಹೊಸ ಕೆಲಸ ಬಂದು ಬೀಳಬಹುದು. ಹತ್ತನೇ ತರಗತಿಗೆ ಬಂದರೆ ಮಿತಿಯ ಮಾತೇ ಮರೆತುಹೋಗುತ್ತದೆ: ವಿಶೇಷ ತರಗತಿ, ಗುಂಪು ಅಧ್ಯಯನ, ಬೆಳಗಿನ ಜಾವ ಎಬ್ಬಿಸಲು ಶಿಕ್ಷಕರ ಫೋನ್. ಮನೆಯಲ್ಲಿ ನೆರವಿಲ್ಲದ ಮಕ್ಕಳಿಗೆ ಶಾಲೆಯಲ್ಲೇ, ಶಿಕ್ಷಕರ ಎದುರಿಗೇ ನಡೆಯುವ ಸಂಜೆಯ ಓದು ಹೋಂವರ್ಕಿಗಿಂತ ಎಷ್ಟೋ ಮೇಲು. ವಿದ್ಯಾರ್ಥಿನಿಲಯಗಳಲ್ಲಿ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ದಿನಚರಿಯೊಳಗೇ ಓದಿನ ಅವಧಿ ಇರುವುದು ಈ ಕಾರಣಕ್ಕೆ. ಹಳ್ಳಿಯ ಹಗಲು ಶಾಲೆಗಳಲ್ಲಿ ಈ ಅನುಕೂಲ ಹೆಚ್ಚಾಗಿ ಸಿಗುವುದು ಎಸ್ಸೆಸ್ಸೆಲ್ಸಿಯ ವರ್ಷ ಮಾತ್ರ.